ಮನೆಯದ್ದಕ್ಕೆ ಎಂತ ಲೆಕ್ಕ

ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆಯುವ ಮೊದಲು ಲೋಲಾಕ್ಷಿ ಒಂದು ಮುಷ್ಟಿ ತೆಗೆದು ಒಲೆಯ ಬದಿಯ ಸಣ್ಣ ಡಬ್ಬಿಗೆ ಹಾಕುತ್ತಾಳೆ. ಹಾಕುವಾಗ ಕಣ್ಣು ಮುಚ್ಚುವುದಿಲ್ಲ, ಬಾಯಲ್ಲಿ ಸ್ತೋತ್ರವಿಲ್ಲ. ಮುಷ್ಟಿ ಬಿಚ್ಚಿ ಅಕ್ಕಿ ಡಬ್ಬಿಯ ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ಉಳಿದ ಅಕ್ಕಿ ಪಾತ್ರೆಗೆ. ರಾತ್ರಿ ಪಾಳಿ ಮುಗಿಸಿ ಬಂದು ಕಣ್ಣು ಎಳೆಯುತ್ತಿರುವ ದಿನವೂ ಅದು ತಪ್ಪುವುದಿಲ್ಲ. ಒಮ್ಮೆ ಜ್ವರ ಬಂದು ಮಲಗಿದ್ದಾಗ ಗಂಡ ತೀರ್ಥರಾಮ ಗಂಜಿಗೆ ಇಟ್ಟಿದ್ದ. ಚಾಪೆಯಿಂದಲೇ ಕೇಳಿದಳು, "ಮುಷ್ಟಿ ತೆಗೆದಿರಾ?"

"ತೆಗೆದೆ ಮಾರಾಯ್ತಿ, ನನ್ನ ಮುಷ್ಟಿ ನಿನ್ನದಕ್ಕಿಂತ ದೊಡ್ಡದು. ದೇವರಿಗೆ ಇವತ್ತು ಲಾಭ."

ತಿಂಗಳ ಕೊನೆಗೆ ಆ ಅಕ್ಕಿ ಕಡಬದ ಕಡೆಯ ತೀರ್ಥರಾಮನ ಊರಿಗೆ ಹೋಗಿ, ಅಲ್ಲಿಯ ದೇವಸ್ಥಾನದ ಅನ್ನದಾನಕ್ಕೆ ಸೇರುತ್ತದೆ. ಬಂದದ್ದೂ ಆ ಊರಿನಿಂದಲೇ. ತೀರ್ಥರಾಮನ ಅಣ್ಣ ಕುಶಾಲಪ್ಪ ಅಡಿಕೆ, ರಬ್ಬರಿನ ನಡುವೆ ಒಂದು ತುಂಡು ಗದ್ದೆಯನ್ನು ಇನ್ನೂ ಬಿಡದೆ ಉಳಿಸಿಕೊಂಡಿದ್ದಾರೆ. ಅವರ ಹೆಂಡತಿ ಶೀಲಾವತಿ ಶನಿವಾರ ಶನಿವಾರ ಒಂದು ಗೋಣಿ ತುಂಬಿಸಿ ಪುತ್ತೂರಿನ ಬಸ್ಸಿಗೆ ಹಾಕುತ್ತಾಳೆ. ಗೋಣಿಯಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಸೌತೆ, ಬಸಳೆಯ ಕಟ್ಟು, ಒಂದು ಕ್ಯಾನು ಎಣ್ಣೆ. ಒಮ್ಮೊಮ್ಮೆ ಅಕ್ಕಿಯ ನಡುವೆ ಹುಗಿದಿಟ್ಟ ನಾಲ್ಕು ಮೊಟ್ಟೆ. ಕಂಡಕ್ಟರ್ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಸುತ್ತಾನೆ, ತೀರ್ಥರಾಮ ಸ್ಕೂಟರಿನಲ್ಲಿ ತರುತ್ತಾನೆ, ಮಡಚಿದ ಖಾಲಿ ಗೋಣಿ ಸೋಮವಾರ ಅದೇ ಬಸ್ಸಿನಲ್ಲಿ ಹಿಂದಕ್ಕೆ ಹೋಗುತ್ತದೆ. ತೀರ್ಥರಾಮ, ಲೋಲಾಕ್ಷಿಗೆ ಮದುವೆಯಾದಂದಿನಿಂದ ಈ ಗೋಣಿ ಬರುತ್ತಾ ಉಂಟು. ಗೋಣಿಗೆ ಕ್ರಯ ಎಂಬುದೊಂದು ಇದೆ ಎಂದು ಯಾರೂ ಯೋಚಿಸಿದವರಲ್ಲ.

ಲೋಲಾಕ್ಷಿಗೆ ಈಗ ಮೂವತ್ತಾರು ವರ್ಷ. ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಹುಟ್ಟಿದ್ದು ಸುಳ್ಯದ ಆಚೆ, ಮಳೆಗಾಲದಲ್ಲಿ ಹೊಳೆ ಏರಿದರೆ ಶಾಲೆಯ ದಾರಿಯೇ ಮುಚ್ಚಿಹೋಗುವ ಮೂಲೆಯಲ್ಲಿ. ಹಾಗಾಗಿ ಆರು ವರ್ಷಕ್ಕೇ ಅವಳನ್ನು ಈಶ್ವರಮಂಗಲದ ಚಿಕ್ಕಮ್ಮನ ಮನೆಗೆ ಕಳಿಸಿದರು. ಚಿಕ್ಕಮ್ಮ ಒಳ್ಳೆಯವಳು. ತನ್ನ ಮಕ್ಕಳಿಗೆ ತೆಗೆದ ಬಟ್ಟೆಯಲ್ಲೇ ಇವಳಿಗೂ ಅಂಗಿ ಹೊಲಿಸಿದಳು. ಬಡಿಸುವಾಗ ಭೇದ ಮಾಡಿದವಳಲ್ಲ. ವರ್ಷ ಕಳೆದ ಮೇಲೆ ಅಮ್ಮ ನೋಡಲು ಬಂದಳು. ಬಿಸಿಲಲ್ಲಿ ನಡೆದು ಬಂದ ಅಮ್ಮ ಜಗಲಿಯಲ್ಲಿ ಕೂತದ್ದೇ ತಡ, ಲೋಲಾಕ್ಷಿ ಒಳಗೆ ಓಡಿ ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದಿಟ್ಟಳು. ನಮ್ಮ ಕಡೆ ಮನೆಗೆ ಬಂದ ನೆಂಟರಿಗೆ ಮೊದಲು ಕೊಡುವುದು ಅದನ್ನೇ.

"ನೋಡಕ್ಕಾ, ನಿನ್ನ ಮಗಳು ಎಷ್ಟು ಮರ್ಯಾದೆ ಕಲಿತಿದ್ದಾಳೆ!" ಎಂದು ಚಿಕ್ಕಮ್ಮ ನಕ್ಕಳು.

ಅಮ್ಮ ನೀರು ಕುಡಿದಳು. ಬೆಲ್ಲ ಮುಟ್ಟಲಿಲ್ಲ.

ಆಗ ಲೋಲಾಕ್ಷಿಗೆ ಏನೂ ಅನಿಸಿರಲಿಲ್ಲ. ಮೊದಲ ಮಗಳು ಮೋಕ್ಷಿತಾ ಹುಟ್ಟಿ, ಯಾರೋ ನೆಂಟರು ಕೂಸನ್ನು ಎತ್ತಿಕೊಂಡು ಹೊರಗೆ ಹೋದಾಗ ಒಮ್ಮೆಲೇ ಆ ತಟ್ಟೆ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅಮ್ಮ ಇರಲಿಲ್ಲ.

ತೀರ್ಥರಾಮನದ್ದು ಪುತ್ತೂರಿನಲ್ಲಿ ಸಣ್ಣ ಅಂಗಡಿ. ತೋಟದ ಹುಲ್ಲು ಕತ್ತರಿಸುವ ಮೆಷಿನು, ಅಡಿಕೆಗೆ ಮದ್ದು ಬಿಡುವ ಪಂಪು ಇವುಗಳ ರಿಪೇರಿ. ಮಳೆ ಶುರುವಾಗುವಾಗ ಊಟಕ್ಕೂ ಪುರುಸೊತ್ತಿಲ್ಲ, ಬೇಸಗೆಯಲ್ಲಿ ನೊಣ ಹೊಡೆಯುವ ಕೆಲಸ. ಎರಡನೆಯವನು ಭವಿತ್ ಹುಟ್ಟಿ ಎಂಟು ತಿಂಗಳಾಗುವಾಗ ಲೋಲಾಕ್ಷಿಗೆ ಪುನಃ ರಾತ್ರಿ ಪಾಳಿ ಬಂತು. ಏನು ಮಾಡುವುದೆಂದು ತಲೆಗೆ ಕೈ ಹೊತ್ತು ಕೂತಾಗ ಶೀಲಾವತಿಯೇ ಫೋನು ಮಾಡಿದಳು: "ಇಲ್ಲಿ ತಂದು ಬಿಡು ಹೆಣ್ಣೇ. ಹಟ್ಟಿಯಲ್ಲಿ ಎರಡು ಕರು ಉಂಟು, ಇದು ಮೂರನೆಯದ್ದು." ಶೀಲಾವತಿಯ ಒಬ್ಬಳೇ ಮಗಳಿಗೆ ಮದುವೆಯಾಗಿ ಆಗಷ್ಟೇ ಮನೆ ಖಾಲಿಯಾಗಿತ್ತು.

ಅಂದಿನಿಂದ ಭವಿತ್ ಪಾಳಿಯ ವಾರಗಳಲ್ಲಿ ಅಲ್ಲಿ, ಉಳಿದ ವಾರಗಳಲ್ಲಿ ಇಲ್ಲಿ. ಈಗ ಅವನಿಗೆ ನಾಲ್ಕು ವರ್ಷ. ಕಡಬದ ಮನೆಗೆ ಅವನು "ಮನೆ" ಎನ್ನುತ್ತಾನೆ. ಪುತ್ತೂರಿನದ್ದಕ್ಕೆ "ಅಮ್ಮನ ಮನೆ". ಮೊದಲ ಸಲ ಹಾಗೆ ಹೇಳಿದಾಗ ಎಲ್ಲರೂ ನಕ್ಕರು. ಲೋಲಾಕ್ಷಿಯೂ ನಕ್ಕಳು.

ಮೂರು ವರ್ಷದ ಹಿಂದೆ ಆಸ್ಪತ್ರೆಯ ನರ್ಸುಗಳು ಒಂದು ಗುಂಪಾಗಿ ಮೊಬೈಲಿನಲ್ಲಿ ಜರ್ಮನ್ ಭಾಷೆ ಕಲಿಯಲು ಸೇರಿದ್ದರು. ಒಬ್ಬೊಬ್ಬರೇ ಬಿಟ್ಟು ಕೊನೆಗೆ ಉಳಿದದ್ದು ಲೋಲಾಕ್ಷಿ ಮತ್ತು ಹನಾನ್. ಹನಾನ್ ಬ್ಯಾರಿ ಮುಸ್ಲಿಮರ ಹುಡುಗಿ, ಇನ್ನೂ ಮದುವೆಯಾಗದವಳು, ನಾಲಿಗೆ ಚುರುಕು. ಲೋಲಾಕ್ಷಿ ಸಾಂಬಾರಿಗೆ ಒಗ್ಗರಣೆ ಹಾಕುತ್ತಾ ಪಾಠ ಕೇಳಿದಳು, ಬಟ್ಟೆ ಹಿಂಡುತ್ತಾ ಬಾಯಿಪಾಠ ಮಾಡಿದಳು. ಒಂದು ಸಲ ಪರೀಕ್ಷೆಯಲ್ಲಿ ಬಿದ್ದು ಇನ್ನೊಂದು ಸಲ ಪಾಸಾದಳು. ಹಣದ ಆಸೆ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ದೊಡ್ಡ ಸಂಕಟ ಒಂದಿತ್ತು. ಇಲ್ಲಿ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಅವಳೊಬ್ಬಳೇ. ಒಬ್ಬರಿಗೆ ಸೂಜಿ ಚುಚ್ಚುತ್ತಿರುವಾಗ ಇನ್ನೊಬ್ಬರು ಕರೆಯುತ್ತಾರೆ, ಮೂರನೆಯವರು ಕರೆಯಲಾಗದೆ ಸುಮ್ಮನಿರುತ್ತಾರೆ. ಕಲಿತ ಕೆಲಸವನ್ನು ಕಲಿತ ಹಾಗೆ ಮಾಡಲು ಒಂದು ದಿನವೂ ಆಗಲಿಲ್ಲವಲ್ಲ ಎಂದು ಮನೆಗೆ ಬರುವಾಗ ಬಸ್ಸಿನಲ್ಲಿ ಅನಿಸುತ್ತಿತ್ತು.

ಜರ್ಮನಿಯ ಒಂದು ಮಧ್ಯಮ ಗಾತ್ರದ ಊರಿನ ಆಸ್ಪತ್ರೆಯಿಂದ ಕರೆ ಬಂತು. ಸಂಬಳ ತಿಂಗಳಿಗೆ ಮೂರು ಸಾವಿರದ ಮುನ್ನೂರು ಯೂರೋ. ತೀರ್ಥರಾಮ ಗ್ರೀಸಿನ ಕೈಯಲ್ಲೇ ಮೊಬೈಲು ಹಿಡಿದು ಗುಣಿಸಿದ.

"ಒಂದಕ್ಕೆ ನೂರು ರೂಪಾಯಿ ಅಂತಲೇ ಇಡು. ಮೂರು ಲಕ್ಷದ ಮೂವತ್ತು ಸಾವಿರ! ಲೋಲಾ, ತಿಂಗಳಿಗೆ!"

ಅಣ್ಣನಿಗೆ ಫೋನು ಹೋಯಿತು. ಅಲ್ಲಿ ಕುಶಾಲಪ್ಪ ಹನ್ನೆರಡರಿಂದ ಗುಣಿಸಿದರು, ಮತ್ತೆ ಮೂರರಿಂದ. "ಮೂರು ವರ್ಷಕ್ಕೆ ಕೋಟಿ ದಾಟಿತಲ್ಲಾ ತಮ್ಮಾ! ನಿನ್ನ ಪಾಲಿನ ಜಾಗದಲ್ಲಿ ಮನೆ ಎದ್ದಿತು ಅಂತಲೇ ಲೆಕ್ಕ." ಅವರ ಮನೆಯ ಪಕ್ಕದಲ್ಲೇ ತೀರ್ಥರಾಮನ ಪಾಲಿನ ಜಾಗ. ಅಲ್ಲಿ ಒಂದು ಲೋಡು ಕೆಂಪುಕಲ್ಲು ಎರಡು ಮಳೆಗಾಲದಿಂದ ಪಾಚಿ ಹಿಡಿಯುತ್ತಾ ಕೂತಿದೆ. ಪಾಯ ತೆಗೆದು ಪಂಚಾಂಗ ಕಟ್ಟುವುದಕ್ಕೂ ಕೈ ಹಾಕಿಲ್ಲ.

ಈ ಅಣ್ಣತಮ್ಮಂದಿರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಊರುಗಳಲ್ಲಿ ಫಾರಿನ್ ಎಂದರೆ ಗಲ್ಫ್. ಅಲ್ಲಿ ಹೇಳಿದ ಸಂಬಳ ಅಷ್ಟೂ ಕೈಗೆ ಬರುತ್ತದೆ, ರೂಮು ಕಂಪೆನಿಯದ್ದು, ತೆರಿಗೆಯ ಮಾತಿಲ್ಲ. ಆಚೆಮನೆ ಈಚೆಮನೆಯವರು ಮೂವತ್ತು ನಲವತ್ತು ವರ್ಷದಿಂದ ಮಾಡಿಕೊಂಡು ಬಂದ ಗುಣಾಕಾರ ಅದು. ಕುಶಾಲಪ್ಪರಿಗಂತೂ ತೋಟದ ಉತ್ಪತ್ತಿಗೆ ಆದಾಯ ತೆರಿಗೆ ಇಲ್ಲ. ಅವರು ಕಂಡ ತೆರಿಗೆ ಎಂದರೆ ಪಂಚಾಯತಿನ ಮನೆ ತೆರಿಗೆ ಮಾತ್ರ. ಅದನ್ನು ಕಟ್ಟಿ ಬಂದ ದಿನ ಅವರ ಹತ್ತಿರ ಯಾರೂ ಮಾತಾಡುವ ಹಾಗಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಹನಾನ್ ಪುತ್ತೂರಿನ ಮನೆಗೆ ಬಂದಳು. ತೀರ್ಥರಾಮ ತನ್ನ ಮೂರು ಲಕ್ಷದ ಮೂವತ್ತು ಸಾವಿರ ಹೇಳಿದ್ದೇ ಅವಳು ಚಾಯದ ಲೋಟ ಕೆಳಗಿಟ್ಟು ನಗತೊಡಗಿದಳು.

"ಅಯ್ಯೋ ತೀರ್ಥಣ್ಣ, ಅದು ಗಲ್ಫಿನ ಲೆಕ್ಕ ಮಾರಾಯ್ರೆ! ನಮ್ಮ ಬಾಪನೂ ಹೀಗೇ ಗುಣಿಸಿ ನೆರೆಕರೆಗೆಲ್ಲ ಹೇಳಿ ಬಂದಿದ್ದಾರೆ. ಅಲ್ಲಿ ಸಂಬಳ ನಮ್ಮ ಕೈಗೆ ಬರುವ ಮೊದಲು ಐದು ಬಾಯಿ ಕಚ್ಚಿ ಆಗಿರ್ತದೆ. ತೆರಿಗೆ ಒಂದು. ಪೆನ್ಶನ್, ಕಾಯಿಲೆಯ ವಿಮೆ, ಕೆಲಸ ಹೋದರೆ ಬೇಕು ಅಂತ ಒಂದು, ಮುದುಕರಾದ ಮೇಲೆ ನೋಡಿಕೊಳ್ಳಲಿಕ್ಕೆ ಅಂತ ಇನ್ನೊಂದು."

"ಮುದುಕರಾದ ಮೇಲೆ ನೋಡಿಕೊಳ್ಳಲಿಕ್ಕೆ ಈಗಲೇ ಹಿಡಿಯುದಾ? ಮತ್ತೆ ಮಕ್ಕಳು ಎಂತಕ್ಕೆ?"

"ನಿಮ್ಮಷ್ಟು ಧೈರ್ಯ ಅಲ್ಲಿಯವರಿಗೆ ಇಲ್ಲ."

ಒಳಗೆ ಹೋಂವರ್ಕ್ ಮಾಡುತ್ತಿದ್ದ ಮೋಕ್ಷಿತಾ ಕಿಸಕ್ಕನೆ ನಕ್ಕಳು.

"ಇನ್ನೂ ಕೇಳಿ," ಹನಾನ್ ಬೆರಳು ಮಡಚಿದಳು. "ಮನೆಯಲ್ಲಿ ಟಿ.ವಿ. ಇಲ್ಲದಿದ್ದರೂ ಟಿ.ವಿ. ರೇಡಿಯೋದ ಬಾಬ್ತು ಮನೆಗೊಂದು ಹಣ ಕಟ್ಟಬೇಕು. ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದವರಾದರೆ ಇಗರ್ಜಿಯ ತೆರಿಗೆಯೂ ಸಂಬಳದಲ್ಲೇ ಮುರೀತಾರೆ. ನಮಗೆ ನಿಮಗೆ ಅದಿಲ್ಲ."

"ದೇವರಿಗೆ ಕೊಡುದನ್ನೂ ಆಫೀಸಿನವರು ಹಿಡಿದು ಕೊಡುದಾ? ಹಾಗಾದರೆ ಪುಣ್ಯ ಯಾರಿಗೆ, ಆಫೀಸಿಗಾ?" ಎಂದ ತೀರ್ಥರಾಮ.

ಲೋಲಾಕ್ಷಿ ಅಡುಗೆಮನೆಯ ಡಬ್ಬಿಯ ಕಡೆ ನೋಡಿದಳು. ಅಲ್ಲಿಗೆ ಹೋದರೂ ಒಂದು ಡಬ್ಬಿ ಇಡಬೇಕು, ಕೊಡುವ ಕೈ ಎಲ್ಲಾದರೂ ಸಿಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಎರಡು ಊರಿನ ಖರ್ಚನ್ನು ಹೋಲಿಸಿ ಹೇಳುವ ಒಂದು ಜಾಲತಾಣವನ್ನು ಹನಾನ್ ಮೊಬೈಲಿನಲ್ಲಿ ತೆರೆದಳು. ಮೊದಲು ಇಲ್ಲಿಯ ಖರ್ಚು ತುಂಬಬೇಕು. ಲೋಲಾಕ್ಷಿ ಒಂದೊಂದೇ ಹೇಳಿದಳು. ಬಾಡಿಗೆ, ಕರೆಂಟು, ಗ್ಯಾಸು, ಮೋಕ್ಷಿತಾಳ ಶಾಲೆಯ ಫೀಸು, ಸ್ಕೂಟರಿನ ಪೆಟ್ರೋಲು.

"ಅಕ್ಕಿ?"

"ಅಕ್ಕಿ ಇಲ್ಲ. ಸೊನ್ನೆ ಹಾಕು."

"ಎಣ್ಣೆ?"

"ಸೊನ್ನೆ."

"ತರಕಾರಿ?"

"ನೀರುಳ್ಳಿ, ಬಟಾಟೆ, ಟೊಮೆಟೋಗೆ ಸ್ವಲ್ಪ ಹಾಕು. ಮತ್ತೆ ಎಲ್ಲ ಸೊನ್ನೆ."

"ಮಗುವನ್ನು ನೋಡಿಕೊಳ್ಳುವ ಖರ್ಚು?"

"ಅದಕ್ಕೆ ಎಂತ ಖರ್ಚು? ಸೊನ್ನೆ."

ಹನಾನ್ ಮೊಬೈಲನ್ನು ಮೊಣಕಾಲಿನ ಮೇಲಿಟ್ಟಳು. "ಲೋಲಾಕ್ಕ, ನೀವು ಗಾಳಿ ಕುಡಿದು ಬದುಕುದಾ? ಈ ಲೆಕ್ಕ ನೋಡಿದರೆ ಜರ್ಮನಿಯವರು ನೌಕರಿ ಕೇಳಿಕೊಂಡು ಪುತ್ತೂರಿಗೆ ಬರ್ತಾರೆ."

"ಅದೆಲ್ಲ ಮನೆಯಿಂದ ಬರ್ತದಲ್ಲಾ," ಎಂದ ತೀರ್ಥರಾಮ. "ಮನೆಯದ್ದಕ್ಕೆ ಎಂತ ಲೆಕ್ಕ?"

"ಅಲ್ಲಿಗೆ ಗೋಣಿ ಹೊತ್ತುಕೊಂಡು ಬರುವ ಬಸ್ಸು ಉಂಟಾ ತೀರ್ಥಣ್ಣ? ಇಲ್ಲ. ಅಲ್ಲಿ ಎಲ್ಲವನ್ನೂ ಕ್ರಯ ಕೊಟ್ಟು ತರಬೇಕು. ಹಾಗಾದರೆ ಇಲ್ಲಿಯದ್ದಕ್ಕೂ ಕ್ರಯ ಹಾಕಿಯೇ ತೂಗಬೇಕಲ್ಲವಾ?"

ಹಾಕಿದರು. ತೆಂಗಿನಕಾಯಿ ಒಂದಕ್ಕೆ ಎಷ್ಟು, ವಾರಕ್ಕೆ ಎಷ್ಟು ಒಡೆಯುತ್ತೇವೆ. ತೆಂಗಿನೆಣ್ಣೆ ಲೀಟರಿಗೆ ನಾನೂರು ದಾಟಿದೆ. ಒಂದು ತಿಂಗಳಿಗೆ ಅಕ್ಕಿ ಎಷ್ಟು. ಪುತ್ತೂರಿನಲ್ಲಿ ಮಕ್ಕಳನ್ನು ಇಡೀ ದಿನ ನೋಡಿಕೊಳ್ಳುವಲ್ಲಿ ಏನು ತೆಗೆದುಕೊಳ್ಳುತ್ತಾರೆಂದು ಹನಾನ್‌ಗೆ ಗೊತ್ತಿತ್ತು. ರಾತ್ರಿಯೂ ಇಟ್ಟುಕೊಳ್ಳುವವರು ಪುತ್ತೂರಿನಲ್ಲಿ ಇಲ್ಲವೇ ಇಲ್ಲ, ಅದಕ್ಕೆ ಕ್ರಯವೇ ಹುಟ್ಟಲಿಲ್ಲ. ಎಲ್ಲ ಕೂಡಿಸಿದಾಗ ಅವರ ತಿಂಗಳ ಖರ್ಚು ಹೆಚ್ಚುಕಡಿಮೆ ಎರಡರಷ್ಟಾಯಿತು. ಹೆಂಡತಿಯ ಸಂಬಳ, ತನ್ನ ಅಂಗಡಿಯ ಸಂಪಾದನೆ ಎರಡರಲ್ಲಿ ಒಂದು ಸಂಸಾರ ನಡೆಸುತ್ತಿದ್ದೇವೆ ಎಂದುಕೊಂಡಿದ್ದ ತೀರ್ಥರಾಮ ಮೊಬೈಲನ್ನು ಒಮ್ಮೆ ನೋಡಿ ಹಿಂದಕ್ಕೆ ಕೊಟ್ಟ.

"ಇದನ್ನು ಅಣ್ಣನಿಗೆ ಹೇಳುದು ಬೇಡ," ಎಂದ. "ನಾವು ಗೋಣಿಗೆ ಕ್ರಯ ಕಟ್ಟಿದೆವು ಅಂತ ಗೊತ್ತಾದರೆ ಮುಂದಿನ ಶನಿವಾರ ಬಸ್ಸು ಖಾಲಿ ಬರ್ತದೆ."

ಆಮೇಲೆ ಅಲ್ಲಿಯ ಲೆಕ್ಕ. ಆಸ್ಪತ್ರೆಯವರು ಎರಡು ದಾರಿ ಕೊಟ್ಟಿದ್ದರು. ಏಪ್ರಿಲಿನಲ್ಲಿ ಒಬ್ಬಳೇ ಬರುವುದಾದರೆ ನರ್ಸುಗಳ ಹಾಸ್ಟೆಲಿನಲ್ಲಿ ಅಗ್ಗದ ರೂಮು. ಸಂಸಾರ ಸಮೇತ ಬರುವುದಾದರೆ ಸೆಪ್ಟೆಂಬರಿಗೆ. ಮನೆ ಹುಡುಕಲು ಅವರು ಸಹಾಯ ಮಾಡುತ್ತಾರೆ, ಮುಂಗಡ, ಬಾಡಿಗೆ ಎಲ್ಲ ಇವರದ್ದೇ. ಯಾವುದೆಂದು ಇನ್ನೊಂದು ವಾರದಲ್ಲಿ, ಮುಂದಿನ ಸೋಮವಾರದೊಳಗೆ ತಿಳಿಸಬೇಕು.

"ತೆರಿಗೆಯಲ್ಲಿ ಒಂದು ತಮಾಷೆ ಉಂಟು," ಹನಾನ್ ಹೇಳಿದಳು. "ತೀರ್ಥಣ್ಣ ಜೊತೆಗೇ ಇದ್ದರೆ ಲೋಲಾಕ್ಕನಿಗೆ ತೆರಿಗೆ ಕಡಿಮೆ. ಮಕ್ಕಳು ಅಲ್ಲೇ ಇದ್ದರೆ ತಿಂಗಳು ತಿಂಗಳು ಮಕ್ಕಳ ಹಣ ಅಂತ ಸರಕಾರವೇ ಕೊಡ್ತದೆ. ಇವರೆಲ್ಲ ಇಲ್ಲಿ ಉಳಿದರೆ ಲೋಲಾಕ್ಕ ಅವರ ಲೆಕ್ಕದಲ್ಲಿ ಒಂಟಿ ಹೆಂಗಸಿನ ಹಾಗೆಯೇ. ತೆರಿಗೆ ಪೂರ್ತಿ, ಮಕ್ಕಳ ಹಣ ಇಲ್ಲ."

"ಹಾಗಾದರೆ ಒಟ್ಟಿಗೆ ಹೋಗುದೇ ಲಾಭ?" ಲೋಲಾಕ್ಷಿಯ ಸ್ವರದಲ್ಲಿ ಒಂದು ಆಸೆ ಇಣುಕಿತು.

"ಇಲ್ಲಕ್ಕ. ಮನೆ ಬಾಡಿಗೆ ಎಲ್ಲವನ್ನೂ ನುಂಗ್ತದೆ. ಚಳಿಗೆ ಮನೆ ಬಿಸಿ ಮಾಡಲಿಕ್ಕೆ ಬೇರೆ ಖರ್ಚು. ನಾಲ್ಕು ಜನರ ಊಟ, ನಾಲ್ಕು ಜನರ ಚಳಿಯ ಅಂಗಿ, ಬೂಟು." ಅವಳು ಕೂಡಿಸಿ ಕಳೆದು ತೋರಿಸಿದಳು. ಒಬ್ಬಳೇ ಹೋದರೆ ತಿಂಗಳಿಗೆ ಸಾವಿರದ ಇನ್ನೂರು ಯೂರೋ ಉಳಿಸಬಹುದು. ಎಲ್ಲರೂ ಹೋದರೆ ಕಷ್ಟದಲ್ಲಿ ಮುನ್ನೂರು, ಅದೂ ಯಾರಿಗೂ ಏನೂ ಆಗದಿದ್ದರೆ.

ಹನಾನ್ ಹೋದಳು. ಲೋಲಾಕ್ಷಿ ಲೋಟ ತೊಳೆಯುತ್ತಿದ್ದಳು. ತೀರ್ಥರಾಮ ಹಿತ್ತಿಲ ಬಾಗಿಲಿಗೆ ಒರಗಿ ನಿಂತ.

"ಅಣ್ಣ ಹೇಳುದರಲ್ಲೂ ತಪ್ಪಿಲ್ಲ," ಎಂದ. "ಮೂರು ವರ್ಷ ಕಣ್ಣು ಮುಚ್ಚಿಕೊಂಡರೆ ಮನೆ ಎದ್ದು ನಿಲ್ತದೆ. ಮೋಕ್ಷಿತಾಳನ್ನು ನಾನು ನೋಡಿಕೊಳ್ತೇನೆ. ಭವಿತ್ ಹೇಗೂ ಅತ್ತಿಗೆಯ ಹತ್ತಿರ ಇರುವವನೇ."

"ನಿಮಗೆ ಬರಲಿಕ್ಕೆ ಮನಸ್ಸಿಲ್ಲವಾ?"

"ನಾನು ಅಲ್ಲಿ ಎಂತ ಮಾಡುದು, ಹೇಳು. ಹೆಂಡತಿ ಡ್ಯೂಟಿಗೆ ಹೋಗುವಾಗ ಟಾಟಾ ಮಾಡುದಾ? ಹುಲ್ಲಿನ ಮೆಷಿನು ಅಲ್ಲಿಯೂ ಹಾಳಾಗ್ತದಾ?"

"ಹುಲ್ಲು ಇರುವಲ್ಲಿ ಮೆಷಿನು ಉಂಟು. ಮೆಷಿನು ಇರುವಲ್ಲಿ ಹಾಳಾಗುದೂ ಉಂಟು."

ಅವನು ನಕ್ಕ, ಆದರೆ ಪೂರ್ತಿ ಅಲ್ಲ. "ನೀನೇ ಯೋಚಿಸು ಲೋಲಾ. ಅಲ್ಲಿ ಬೆನ್ನು ಬಗ್ಗಿಸುವವಳು ನೀನು. ನೀನು ಹೇಗೆ ಹೇಳಿದರೂ ನಾನು ತಯಾರು."

ಒಳ್ಳೆಯ ಮಾತೇ. ಆದರೆ ಎಲ್ಲ ಭಾರವೂ ಅವಳ ತಲೆಯ ಮೇಲೇ ಬಂತು. ಆ ವಾರವಿಡೀ ಅವಳು ಎರಡನ್ನೂ ತೂಗಿದಳು. ಮುನ್ನೂರಕ್ಕಾಗಿ ಒಂದು ಸಂಸಾರವನ್ನೇ ಕಿತ್ತು ಚಳಿಯ ಊರಿನಲ್ಲಿ ನೆಡುವುದು ಹುಚ್ಚು ಎಂದು ಒಂದು ದಿನ ಅನಿಸಿತು. ಸಾವಿರದ ಇನ್ನೂರೇ ಸರಿ, ಮೂರು ವರ್ಷ ಎಷ್ಟರದ್ದು ಎಂದು ಮರುದಿನ. ಭವಿತ್‌ಗೆ ಆಗ ಏಳು ವರ್ಷ ಎಂದು ಅದರ ಮರುದಿನ. ಏಳು ಎಂಬಲ್ಲಿಗೆ ಬಂದಾಗ ಮನಸ್ಸು ನಿಲ್ಲುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಮುಷ್ಟಿ ಅಕ್ಕಿ ಹಾಕುವಾಗ, ದೇವರೇ ನೀನೇ ಒಂದು ದಾರಿ ತೋರಿಸು ಎಂದು ಕೇಳಬೇಕೆನಿಸಿದರೂ ಕೇಳಲಿಲ್ಲ. ಕೊಡುವಾಗ ಕೇಳಬಾರದು ಎಂಬುದು ಅವಳ ಒಂದು ನಿಯಮ.

ವಾರದ ಕೊನೆಯ ಭಾನುವಾರ ತಿಂಗಳ ಮುಷ್ಟಿ ಅಕ್ಕಿ ಕಟ್ಟಿಕೊಂಡು, ಭವಿತ್‌ನನ್ನು ಕರೆದುಕೊಂಡು ಬರಲು ಮೂವರೂ ಹೊರಟರು. ಕಡಬದಲ್ಲಿ ಬಸ್ಸಿಳಿದು ಜೀಪು ಹತ್ತಿದರು. ಜೀಪಿನಲ್ಲಿ ಕೋಳಿ, ಗೊಬ್ಬರದ ಚೀಲ, ಮದುವೆಗೆ ಹೋಗುವ ಒಂದು ಕುಟುಂಬ. ಮೋಕ್ಷಿತಾ ಅಪ್ಪನ ತೊಡೆಯ ಮೇಲೆ ಕೂತು, "ಜರ್ಮನಿಯಲ್ಲಿ ಜೀಪಿಗೆ ಇಷ್ಟು ಜನ ಹತ್ತಬಹುದಾ?" ಎಂದು ಕೇಳಿದಳು. "ಹತ್ತಿದರೆ ಅದಕ್ಕೂ ತೆರಿಗೆ," ಎಂದ ಅವನು.

ಜೀಪಿಳಿದು ನಡೆದು ಬರುವುದನ್ನು ಭವಿತ್ ಅಂಗಳದಿಂದಲೇ ನೋಡಿದ. ಕೈಯಲ್ಲಿ ಕರುವಿನ ಹಗ್ಗವಿತ್ತು. ಹಗ್ಗ ಬಿಟ್ಟ. ಓಡಿ ಬಂದು ಕುತ್ತಿಗೆಗೆ ಜೋತುಬೀಳುತ್ತಾನೆಂದು ಲೋಲಾಕ್ಷಿ ಚೀಲವನ್ನು ಗಂಡನ ಕೈಗೆ ಕೊಟ್ಟು ಎರಡೂ ಕೈ ಖಾಲಿ ಮಾಡಿಕೊಂಡಳು. ಅವನು ಒಳಗೆ ಓಡಿದ.

ಇವರು ಜಗಲಿಯಲ್ಲಿ ಕೂರುವಾಗ ಹೊರಗೆ ಬಂದ. ಒಂದು ಕೈಯಲ್ಲಿ ಸ್ಟೀಲಿನ ತಟ್ಟೆ, ಅದರಲ್ಲಿ ಬೆಲ್ಲದ ತುಂಡು. ಒಂದು ಮೂಲೆಯಲ್ಲಿ ಅವನ ಹಲ್ಲಿನ ಗುರುತು. ಇನ್ನೊಂದು ಕೈಯಲ್ಲಿ ಚೊಂಬು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು, ಚಡ್ಡಿ ಒದ್ದೆ.

"ಬೆಲ್ಲ ತಗೊಳ್ಳಿ," ಎಂದ. ಮತ್ತೆ ದೊಡ್ಡವರ ಹಾಗೆ ಸೊಂಟಕ್ಕೆ ಕೈ ಕೊಟ್ಟು ಅಪ್ಪನನ್ನು ಕೇಳಿದ, "ಬಸ್ಸಿನಲ್ಲಿ ರಶ್ ಇತ್ತಾ?"

ಕುಶಾಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ತೀರ್ಥರಾಮ, ಮೋಕ್ಷಿತಾ ಎಲ್ಲರೂ ನಕ್ಕರು. ಶೀಲಾವತಿ ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಗೆ ಬಂದಳು. "ನಾನು ಹೇಳಿಕೊಟ್ಟದ್ದಲ್ಲ ಮಾರಾಯ್ತಿ, ದೇವರಾಣೆ. ಬಂದವರಿಗೆ ನಾವು ಕೊಡುದನ್ನು ನೋಡಿ ನೋಡಿ ಅವನೇ ಕಲಿತದ್ದು."

ಲೋಲಾಕ್ಷಿ ನೀರು ಕುಡಿದಳು. ಹುಡುಗ ತಟ್ಟೆ ಹಿಡಿದು ಕಾಯುತ್ತಲೇ ಇದ್ದ. ಅವಳು ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡಳು. ಅದು ಪೂರ್ತಿ ಕರಗುವವರೆಗೆ ಕಾದಳು. ಆಮೇಲೆ ಅವನ ಒದ್ದೆ ಚಡ್ಡಿ ಬಿಚ್ಚಿ, ಚೀಲದಿಂದ ಬೇರೆ ತೆಗೆದು ಹಾಕಿದಳು.

ಊಟವಾದ ಮೇಲೆ ಕುಶಾಲಪ್ಪ ಎಲೆಯಡಿಕೆಯ ತಟ್ಟೆ ಎಳೆದುಕೊಂಡು ಕೂತರು. ತೆರಿಗೆಯ ಸುದ್ದಿ ಅವರಿಗೆ ಫೋನಿನಲ್ಲೇ ಗೊತ್ತಾಗಿತ್ತು, ಗೋಣಿಯ ಸುದ್ದಿ ಗೊತ್ತಿರಲಿಲ್ಲ.

"ಕೋಟಿ ಇಲ್ಲದಿದ್ದರೆ ಬೇಡ. ಸಾವಿರದ ಇನ್ನೂರು ಅಂದರೂ ವರ್ಷಕ್ಕೆ ಹದಿನಾಲ್ಕು ಲಕ್ಷ. ಮನೆಗೆ ಧಾರಾಳ ಸಾಕು. ನೀನು ಏಪ್ರಿಲಿಗೆ ಹೊರಡು ಲೋಲಾಕ್ಷಿ. ಇವನು ಅಂಗಡಿ ನೋಡಲಿ, ನಾನು ಇಲ್ಲಿ ಕೆಲಸದವರನ್ನು ನೋಡ್ತೇನೆ."

"ನಾವು ಎಲ್ಲರೂ ಸೆಪ್ಟೆಂಬರಿಗೆ ಹೋಗುದು ಅಂತ ಬಾವ," ಎಂದಳು ಲೋಲಾಕ್ಷಿ.

ತೀರ್ಥರಾಮ ತಲೆಯೆತ್ತಿ ಅವಳನ್ನು ನೋಡಿದ. ಅವನಿಗೂ ಆಗಲೇ ಗೊತ್ತಾದದ್ದು.

"ಮುನ್ನೂರು ಉಳಿಸಲಿಕ್ಕೆ? ಅಷ್ಟು ದೂರ?" ಕುಶಾಲಪ್ಪರ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ನಿಂತಿತು. "ಆ ಮೂವತ್ತು ಸಾವಿರ ಇಲ್ಲೇ ಹುಟ್ಟುದಿಲ್ಲವಾ?"

"ಇಲ್ಲಿ ಒಂದು ರೂಪಾಯಿಯೂ ಉಳಿಯುದಿಲ್ಲ ಬಾವ. ಉಳೀತದೆ ಅಂತ ನಾವು ತಿಳಿದುಕೊಂಡದ್ದು. ಪುತ್ತೂರಿನಲ್ಲಿ ನಾವು ಬದುಕಿದ್ದು ನಮ್ಮ ಸಂಬಳದಲ್ಲಲ್ಲ, ನಿಮ್ಮ ಗೋಣಿಯಲ್ಲಿ."

ಹೇಳಬಾರದು ಎಂದಿದ್ದ ಮಾತು ಬಂದೇಬಿಟ್ಟಿತು. ಕುಶಾಲಪ್ಪರ ಮುಖ ಕೆಂಪಾಯಿತು. "ಗೋಣಿಯ ಲೆಕ್ಕ ನಾವು ಕೇಳಿದ್ದೇವಾ? ಎಂತ ತಮ್ಮಾ, ನಾನು ಕೇಳಿದ್ದೇನಾ?"

"ಕೇಳಲಿಲ್ಲ ಬಾವ. ಕೇಳದ್ದಕ್ಕೇ ನಮಗೆ ಇಷ್ಟು ವರ್ಷ ಗೊತ್ತಾಗಲಿಲ್ಲ. ಅಲ್ಲಿ ಮೊದಲನೇ ಸಲ ನನ್ನ ದುಡಿಮೆಯ ಅಕ್ಕಿ ಬೇಯಿಸ್ತೇನೆ. ಅದು ಸಾಕಾ ಇಲ್ಲವಾ ಅಂತ ಒಮ್ಮೆ ನೋಡಬೇಕು. ಇಡೀ ವಾರ್ಡಿಗೆ ಒಬ್ಬಳೇ ಓಡುವ ಕೆಲಸವೂ ಅಲ್ಲಿ ಇಲ್ಲ. ಕಲಿತದ್ದನ್ನು ಸರಿಯಾಗಿ ಮಾಡಿ ಬರ್ತೇನೆ."

"ಮನೆ?"

"ಕಲ್ಲು ಅಲ್ಲೇ ಇರ್ತದೆ ಅಣ್ಣ," ಎಂದ ತೀರ್ಥರಾಮ ಮೆಲ್ಲಗೆ. "ಎರಡು ಮಳೆಗೆ ಏನೂ ಆಗಲಿಲ್ಲ. ಇನ್ನು ನಾಲ್ಕು ಮಳೆ ಬಂದರೆ ಎಂತ ಆಗ್ತದೆ?"

ಕುಶಾಲಪ್ಪ ಎಲೆ ಬಾಯಿಗೆ ಹಾಕಿ ಜಗಿದರು. ಬಹಳ ಹೊತ್ತಿನ ಮೇಲೆ, "ಪಾಚಿ ಆಗ್ತದೆ," ಎಂದರು. ಎದ್ದು ತೋಟಕ್ಕೆ ನೀರು ಬಿಡಲು ಹೋದರು. ಹೋಗುವಾಗ ಭವಿತ್‌ನನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋದರು.

ಸಂಜೆ ಜೀಪಿನ ಹೊತ್ತಿಗಿಂತ ಮುಂಚೆ ಶೀಲಾವತಿ ಹಿಂದಿನ ಜಗಲಿಯಲ್ಲಿ ಗೋಣಿ ತುಂಬಿಸುತ್ತಿದ್ದಳು. ಲೋಲಾಕ್ಷಿ ಗೋಣಿಯ ಬಾಯಿ ಅಗಲಿಸಿ ಹಿಡಿದಿದ್ದಳು. ಮುಷ್ಟಿ ಅಕ್ಕಿಯ ಗಂಟು ಪಕ್ಕದಲ್ಲಿತ್ತು. ಸಂಕ್ರಮಣಕ್ಕೆ ದೇವಸ್ಥಾನಕ್ಕೆ ತಲುಪಿಸುವವಳು ಶೀಲಾವತಿಯೇ. ಜಗಲಿಯ ಹಗ್ಗದಲ್ಲಿ ಭವಿತ್‌ನ ಮೂರು ಸಣ್ಣ ಅಂಗಿ ಒಣಗುತ್ತಿದ್ದವು.

ಶೀಲಾವತಿ ಒಂದೊಂದೇ ತೆಂಗಿನಕಾಯಿಯನ್ನು ಬೆರಳ ಗೆಣ್ಣಿನಿಂದ ಬಡಿದು ಸದ್ದು ನೋಡಿ ಹಾಕುತ್ತಿದ್ದಳು. ನಡುವೆ ಕೈ ನಿಲ್ಲಿಸಿದಳು.

"ನೀವು ಮೂವರೂ ಹೋಗಿ ಲೋಲಾಕ್ಷಿ. ಅದು ಸರಿ. ಭವಿತ್ ಒಬ್ಬನನ್ನು ಇಲ್ಲಿ ಬಿಡು. ಅಷ್ಟು ಚಳಿಯಲ್ಲಿ ಆ ಸಣ್ಣದನ್ನು ಎಂತಕ್ಕೆ ಕಷ್ಟ ಕೊಡುದು? ಒಬ್ಬನ ಖರ್ಚೂ ಉಳೀತದೆ. ನಾಡಿದ್ದು ಜೂನಿಗೆ ಇಲ್ಲಿಯ ಅಂಗನವಾಡಿಗೆ ಹಾಕ್ತೇನೆ. ನನಗೆ ಅವನೊಂದು ಭಾರವೇ ಅಲ್ಲ."

"ಭಾರ ಅಲ್ಲ ಅಂತ ಗೊತ್ತುಂಟು ಅಕ್ಕ."

"ಮತ್ತೆ?"

ಲೋಲಾಕ್ಷಿಗೆ ಈಶ್ವರಮಂಗಲದ ಜಗಲಿಯನ್ನು ಹೇಳಬೇಕೆನಿಸಿತು. ಆದರೆ ಅದನ್ನು ಹೇಳಿದರೆ ಈ ಹೆಂಗಸಿನ ಇಷ್ಟು ವರ್ಷದ ಅಕ್ಕರೆಯಲ್ಲಿ ಏನೋ ದೋಷ ಹುಡುಕಿದ ಹಾಗಾಗುತ್ತದೆ. ದೋಷ ಇರಲಿಲ್ಲ. ಚಿಕ್ಕಮ್ಮನಲ್ಲೂ ಇರಲಿಲ್ಲ.

"ನೀವು ಸಾಕಿದ ಹಾಗೆ ನನಗೆ ಸಾಕಲಿಕ್ಕೆ ಬರುದಿಲ್ಲ ಅಕ್ಕ," ಎಂದಳು. "ನಾನು ಇನ್ನೂ ಕಲಿಯಬೇಕಷ್ಟೆ. ಅವನು ನನ್ನ ಹತ್ತಿರ ಇದ್ದರೆ ಕಲೀತೇನೆ. ಸೆಪ್ಟೆಂಬರಿನವರೆಗೆ ಅವನನ್ನು ಪುತ್ತೂರಿನಲ್ಲೇ ಇಟ್ಟುಕೊಳ್ತೇನೆ. ರಾತ್ರಿ ಪಾಳಿ ಬೇಡ ಅಂತ ನಾಳೆಯೇ ಹೇಳ್ತೇನೆ. ಹೇಗೂ ಬಿಡುವ ಕೆಲಸ."

ಶೀಲಾವತಿ ಕೈಯಲ್ಲಿದ್ದ ಕಾಯಿಯನ್ನು ಬಡಿಯಲು ಮರೆತು ಗೋಣಿಗೆ ಹಾಕಿದಳು. "ಈ ಏಳೆಂಟು ತಿಂಗಳಾದರೂ ನನಗೆ ಬಿಡಬಹುದಿತ್ತು."

"ನೀವು ಪುತ್ತೂರಿಗೆ ಬನ್ನಿ ಅಕ್ಕ. ಎಷ್ಟು ದಿನ ಬೇಕಾದರೂ ಇರಿ. ಬೆಲ್ಲ ನೀರು ತಂದುಕೊಡಲಿಕ್ಕೆ ಜನ ಉಂಟು."

ಶೀಲಾವತಿಗೆ ನಗು ಬಂತು, ನಗುವಿನ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಮೊಣಕೈಯಿಂದ ಒರೆಸಿಕೊಂಡು, ಕೊನೆಯ ಸಲ ಎಂಬಂತೆ ಕೇಳಿದಳು, "ಬಿಡುದಿಲ್ಲವಾ ಹಾಗಾದರೆ?"

"ಇಲ್ಲ ಅಕ್ಕ," ಎಂದಳು ಲೋಲಾಕ್ಷಿ. ಎದ್ದು ಹಗ್ಗದಿಂದ ಆ ಮೂರು ಅಂಗಿಗಳನ್ನೂ ತೆಗೆದು ಮಡಚಿ, ತನ್ನ ಚೀಲಕ್ಕೆ ಹಾಕಿಕೊಂಡಳು.